ಬೆಳಕಿನ ಹಲಗೆ

ಡೈರಿಯಲ್ಲಿಯೂ ತಾನು ಸುಳ್ಳನ್ನೇ ಬರೆಯುತ್ತ ಬಂದಿದ್ದೇನೆ ಎಂಬುದು ಶೈಲಾಗೆ ಹೊಳೆದದ್ದು ಆಫೀಸಿನ ಕ್ವಾಲಿಸ್ ಗಾಡಿ ಲಿಂಗಂಪಲ್ಲಿ ದಾಟಿ ಮುಂಬೈ ರಸ್ತೆಗೆ ಬಿದ್ದಾಗ. ಏಳು ವರ್ಷದ ಏಳು ಡೈರಿಗಳು. ಸುಲ್ತಾನ್ ಬಜಾರಿನ ಒಂದೇ ಅಂಗಡಿಯಲ್ಲಿ ಕೊಂಡವು, ಒಂದೇ ಟ್ರಂಕಿನ ತಳದಲ್ಲಿ ಬೀಗದೊಳಗೆ ಇಟ್ಟವು. ಯಾರೂ ಓದದ ಆ ಪುಸ್ತಕಗಳಲ್ಲಿಯೂ 'ಅವ್ವ ಔಷಧಿ ಕಾರ್ಖಾನೆಯಿಂದ ಕಾಗದ ಹಾಕಿಸಿದ್ದಾಳೆ', 'ಅವ್ವನಿಗೆ ಔಷಧಿ ಕಾರ್ಖಾನೆಯಲ್ಲಿ ರಜೆ ಸಿಗಲಿಲ್ಲ' ಎಂದೇ ಇತ್ತು. ಮಂದಿಯ ಮುಂದೆ ಹೇಳುವ ಸುಳ್ಳಿಗೆ ಮಂದಿಯ ಅಂಜಿಕೆ ಕಾರಣವೆನ್ನಬಹುದು. ಬೀಗ ಹಾಕಿದ ಟ್ರಂಕಿನಲ್ಲಿ ಯಾರ ಅಂಜಿಕೆ? ಹಾಗೆ ಕೇಳಿಕೊಂಡ ಮರುಕ್ಷಣವೇ ಬೆಳಗಿನಿಂದ ಎದೆಯಲ್ಲಿ ಸಣ್ಣಗೆ ಕೊರೆಯುತ್ತಿದ್ದುದು ತನ್ನ ನಿಜರೂಪದಲ್ಲಿ ಎದುರಿಗೆ ಬಂದು ನಿಂತಿತು. ಇವತ್ತು, ತಾನು ಬೆಳೆದ ನಾಗೂರಗಡ್ಡದಲ್ಲಿ ಯಾರಾದರೂ ತನ್ನ ಗುರುತು ಹಿಡಿದರೆ? ಹಿಡಿಯದಿರಲಿ ಎಂದು ದೇವರನ್ನು ಬೇಡಿಕೊಳ್ಳಲು ಹೋದವಳಿಗೆ, ಹೆತ್ತ ತಾಯಿಯ ಹೆಸರು ಯಾರ ಬಾಯಲ್ಲಿಯೂ ಬರದಿರಲಿ ಎಂದು ಬೇಡಿಕೊಂಡಂತಾಗುತ್ತದಲ್ಲ ಎನಿಸಿ, ಬೇಡಿಕೆಯನ್ನು ಅರ್ಧಕ್ಕೇ ಬಿಟ್ಟು ಕಿಟಕಿಯಾಚೆ ನೋಡತೊಡಗಿದಳು.

"ನದಿ ದಂಡೆ, ಪುಟ್ಟ ಹಳ್ಳಿ, ಹಳ್ಳಿ ತುಂಬ ವಿಸ್ಕಿ. ಥೇಟ್ ಸ್ಕಾಟ್ಲೆಂಡ್ ಕಣೇ," ಎಂದಳು ಪಕ್ಕದಲ್ಲಿ ಕೂತ ನಿಖಿತಾ. ಅವಳು ಬೆಂಗಳೂರಿನವಳು, ಎಲ್ಲಿ ಕೂತರೂ ಅದು ಅವಳದೇ ಮನೆಯ ಸೋಫಾ ಆಗಿಬಿಡುತ್ತಿತ್ತು. "ರವಿ, ಟೇಸ್ಟಿಂಗ್ ಇರತ್ತಾ ಅಲ್ಲಿ?"

"ಉಂಟು ಮಾರಾಯ್ತಿ," ಎಂದ ಮುಂದಿನ ಸೀಟಿನಿಂದ ತಂಡದ ಮುಖ್ಯಸ್ಥ ರವಿಶಂಕರ್, ಉಡುಪಿ ಕಡೆಯವನು. "ಮೊದಲು ನಿನ್ನ ಪ್ರೋಗ್ರಾಮು ಟೇಸ್ಟ್ ಮಾಡುವ. ಅದು ಕುಡಿದವರ ಹಾಗೆ ದಾರಿಯಲ್ಲಿ ಬೀಳದಿದ್ರೆ ಮತ್ತೆ ನಿನ್ನದು ನೋಡುವ."

ಎಲ್ಲರೂ ನಕ್ಕರು. ಶೈಲಾ ಎಂದಿನಂತೆ ಒಂದು ಗಳಿಗೆ ತಡವಾಗಿ ನಕ್ಕಳು.

"ಶೈಲಾ, ಇದು ನಿಮ್ಮ ಕಡೆಯೇ ಅಲ್ವಾ? ಬೀದರ್ ಅಂತ ಹೇಳಿದ್ರಿ," ಎಂದ ರವಿಶಂಕರ್.

"ಬೀದರ್ ಇನ್ನೂ ಮುಂದೆ," ಎಂದಳು. ನಿಜವೇ. ಅವಳ ಸುಳ್ಳುಗಳೆಲ್ಲ ಹೀಗೆ, ನಿಜದ ಇಟ್ಟಿಗೆಗಳಿಂದಲೇ ಕಟ್ಟಿದವು. ಮಾದಾಪುರದ ಆಫೀಸಿಗೆ ಸೇರಿದ ವಾರ, ಊಟದ ಮೇಜಿನಲ್ಲಿ ಎಲ್ಲರೂ ಅಪ್ಪ ಬ್ಯಾಂಕು, ಅಮ್ಮ ಟೀಚರು ಎನ್ನುತ್ತಿದ್ದಾಗ ತನ್ನ ಸರದಿ ಬಂದು, 'ಅಪ್ಪ ಇಲ್ಲ. ಅಮ್ಮ ಫಾರ್ಮಾ ಕಂಪನಿಯಲ್ಲಿ ಕ್ವಾಲಿಟಿ ಚೆಕಿಂಗಲ್ಲಿದ್ರು' ಎಂದಿದ್ದಳು. ಆ ರಾತ್ರಿ ಹಾಸಿಗೆಯಲ್ಲಿ ಪದಪದವನ್ನೂ ಬಿಡಿಸಿ ನೋಡಿದಾಗ ಅದರಲ್ಲಿ ಸುಳ್ಳಾಗಿದ್ದುದು ಫಾರ್ಮಾ ಎಂಬ ಒಂದೇ ಒಂದು ಪದ. ಅಷ್ಟರಿಂದಲೇ ಸಮಾಧಾನ ಮಾಡಿಕೊಂಡು ನಿದ್ದೆ ಹೋಗಿದ್ದಳಲ್ಲ, ಅದು ಈಗಲೂ ಅವಳಿಗೆ ಮೈ ಮುದುಡುವಂಥ ನೆನಪು. ಅವ್ವನೂ ಅದೇ ಪದದ ಮರೆಯಲ್ಲಿ ಹದಿನಾಲ್ಕು ವರ್ಷ ಕಳೆದವಳು. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ದಾರೂ ಕಾರ್ಖಾನೆಯಲ್ಲಿ ಕೂಡುತ್ತಾಳೆಂದರೆ ಬೀದರಿನ ದೊಡ್ಡಪ್ಪನ ಮನೆಯಲ್ಲಿ ನೀರು ಕೊಡುವವರೂ ಇರಲಿಲ್ಲ. 'ಔಷಧಿ ಕಾರ್ಖಾನಿ' ಎಂದಿದ್ದಳು. ಜ್ವರ ಬಂದಾಗ ದೊಡ್ಡಮ್ಮ ಒಮ್ಮೆ ಅಲ್ಲಿಂದ ಎರಡು ಗುಳಿಗೆ ತಂದುಕೊಡು ಎಂದು ಕೇಳಿದ್ದಕ್ಕೆ ಅವ್ವ ಸಂಗಾರೆಡ್ಡಿಯ ಅಂಗಡಿಯಲ್ಲಿ ಕೊಂಡು, ಚೀಟಿ ಕಿತ್ತು ಕಾಗದದಲ್ಲಿ ಕಟ್ಟಿ ಕೊಟ್ಟಿದ್ದಳು. ಇವತ್ತು ಬೆಳಿಗ್ಗೆ ರೊಟ್ಟಿ ಕಟ್ಟಿಕೊಡುತ್ತ ಅದೇ ಅವ್ವ, "ಯಾವ ಊರಿಗೆ ಹೊಂಟಿ?" ಎಂದಾಗ, "ಸಂಗಾರೆಡ್ಡಿ ಕಡಿ" ಎಂದಿದ್ದಳು ಶೈಲಾ. ಅದೂ ನಿಜವೇ.

ಹೊಳೆ ಕಾಣುವ ಮೊದಲೇ ವಾಸನೆ ಬಂತು. ಕಾಕಂಬಿಯ ಸಿಹಿ ಕೊಳೆತು ಹುಳಿಯಾಗುವ ವಾಸನೆ. "ಅಯ್ಯಪ್ಪಾ," ಎಂದು ನಿಖಿತಾ ದುಪಟ್ಟಾದ ತುದಿಯನ್ನು ಮೂಗಿಗೆ ಹಿಡಿದಳು; ಶೈಲಾ ಕೂಡ ನೋಡುವವರಿಗೆಂದು ಕರವಸ್ತ್ರ ತೆಗೆದಳು. ಆದರೆ ಅದರ ಸಂದಿಯಿಂದ ಒಳಗೆ ಇಳಿದ ಗಾಳಿ ಅವಳ ಮಟ್ಟಿಗೆ ಸಂಜೆ ಆರು ಗಂಟೆಯ ಅವ್ವನ ಹೆರಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಲಿಂಗ ಪೂಜೆಗೆ ಕೂಡುವ ಮೊದಲು ಮಗಳನ್ನು ಒಂದು ಗಳಿಗೆ ತೊಡೆಯ ಮೇಲೆ ಎಳೆದುಕೊಳ್ಳುತ್ತಿದ್ದ ಹೆಂಗಸಿನ ಕೂದಲಲ್ಲಿದ್ದದ್ದು ಇದೇ. ಊರು ಹನ್ನೊಂದು ವರ್ಷದಲ್ಲಿ ಬಹಳ ಬದಲಾಗಿರಲಿಲ್ಲ. ಮೂರು ಡಿಸ್ಟಿಲರಿಗಳ ನಡುವೆ ಸಿಕ್ಕಿಕೊಂಡ ನೂರಿನ್ನೂರು ಮನೆ. ಒಡೆದ ಬಾಟ್ಲಿಯ ತಳಗಳನ್ನು ಮಣ್ಣಿನಲ್ಲಿ ಕೂಡಿಸಿ ಕಟ್ಟಿದ ಹಿತ್ತಿಲ ಗೋಡೆಗಳಿಗೆ ಬಿಸಿಲು ಬಿದ್ದು ಓಣಿಯೆಲ್ಲ ಹಸಿರು ಹಸಿರಾಗಿತ್ತು. ಕರೆಂಟಿನ ಕಂಬಗಳ ಆಚೆ ಮಂಜೀರಾ ನದಿ, ಅರ್ಧ ಮರಳು ಅರ್ಧ ನೀರು, ಯಾರ ಗೊಡವೆಯೂ ಬೇಡವೆಂಬಂತೆ ಹರಿಯುತ್ತಿತ್ತು. ಹನ್ನೆರಡನೆಯ ವಯಸ್ಸಿಗೆ ಬೀದರಿನ ಹಾಸ್ಟೆಲಿಗೆ ಹೊರಟಾಗ ಬಸ್ಸಿನ ಹಿಂದಿನ ಗಾಜಿನಲ್ಲಿ ಇದೇ ನದಿ ಸಣ್ಣಗಾಗುತ್ತ ಹೋಗಿತ್ತು. ಆಗ ಅಳು ಬಂದಿರಲಿಲ್ಲ, ಹಗುರಾಗಿತ್ತು. ಆ ಹಗುರಿನ ಬಗ್ಗೆ ಅವಳು ಡೈರಿಯಲ್ಲಿ ಎಂದೂ ಬರೆದಿಲ್ಲ.

ಊರಿನವರು 'ಹಳೇ ಬಟ್ಟಿ' ಎಂದು ಕರೆಯುವ ಡಿಸ್ಟಿಲರಿಯ ಬಾಗಿಲಲ್ಲಿ ಬಾಟ್ಲಿ ವಿಭಾಗದ ಮ್ಯಾನೇಜರ್ ಅಮರಯ್ಯ ಎರಡೂ ಕೈ ಮುಗಿದು ನಿಂತಿದ್ದ. "ಬರ್ರಿ ಸಾಹೇಬ್ರ, ಬರ್ರಿ ಬಾಯಾರ. ಮಷೀನು ನಿನ್ನೇನ ಬಂದು ಕುಂತೈತಿ, ನಿಮ್ಮ ದಾರೀನ ಕಾಯಾಕತ್ತೈತಿ." ಮಷೀನೆಂದರೆ ಕ್ಯಾಮೆರಾ. ತುಂಬಿ ಮುಚ್ಚಳ ಬಿಗಿದ ಬಾಟ್ಲಿಗಳು ಅದರ ಮುಂದೆ ಸಾಗುತ್ತವೆ; ಒಳಗೆ ಕಸ, ಕಡ್ಡಿ, ಗಾಜಿನ ಚೂರು ಏನಿದ್ದರೂ ನಿಖಿತಾ ಬರೆದ ಪ್ರೋಗ್ರಾಮು ಕಂಡುಹಿಡಿದು ಆ ಬಾಟ್ಲಿಯನ್ನು ಪಕ್ಕಕ್ಕೆ ತಳ್ಳಬೇಕು. ಈವರೆಗೆ ಆ ಕೆಲಸ ಮಾಡುತ್ತಿದ್ದವರು ಎಂಟು ಮಂದಿ ಹೆಂಗಸರು. ಶೈಲಾ ಬಂದದ್ದು ಪರೀಕ್ಷಕಳಾಗಿ. ಕ್ಯಾಮೆರಾದ ಕಣ್ಣನ್ನೂ ಹೆಂಗಸರ ಕಣ್ಣನ್ನೂ ಹೋಲಿಸಿ ನೋಡಿ ಯಾವುದು ಸರಿ, ಯಾವುದು ತಪ್ಪು ಎಂದು ತಖ್ತೆಯಲ್ಲಿ ತುಂಬಿ ಸಹಿ ಮಾಡಬೇಕಾದವಳು ಅವಳು.

ಬಾಟ್ಲಿ ವಿಭಾಗದಲ್ಲಿ ಆ ಹೆಂಗಸರು ಒಂದು ಉದ್ದನೆಯ ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಪ್ರತಿಯೊಬ್ಬರ ಎದುರಿಗೂ ಹಿಂದಿನಿಂದ ದೀಪ ಹಚ್ಚಿದ ಬಿಳಿಯ ಹಲಗೆ. ಆ ಬೆಳಕಿನಲ್ಲಿ ಮುಖಗಳಿಗೆ ಬಣ್ಣವೇ ಇರಲಿಲ್ಲ. ಎರಡೆರಡು ಬಾಟ್ಲಿಗಳನ್ನು ಕೊರಳು ಹಿಡಿದು ಎತ್ತುವುದು, ತಲೆಕೆಳಗು ಮಾಡುವುದು, ನೋಡುವುದು, ಇಡುವುದು. ಶೈಲಾಗೆ ತಾನೀಗ ಹಾಸ್ಟೆಲಿನ ಎಣ್ಣೆಹೆರಳಿನ ಹುಡುಗಿಯಲ್ಲ, ಕತ್ತರಿಸಿದ ಕೂದಲು, ಕನ್ನಡಕ, ಕೊರಳಲ್ಲಿ ತೂಗುವ ಆಫೀಸಿನ ಚೀಟಿ ಎಂದು ಧೈರ್ಯ ಹೇಳಿಕೊಳ್ಳಬೇಕಾಯಿತು. ಸಾಲಿನ ತುದಿಯಲ್ಲಿದ್ದ ಮುದುಕಿ ಬಾಟ್ಲಿ ಹಿಡಿದ ಕೈಯನ್ನು ಗಾಳಿಯಲ್ಲೇ ಬಿಟ್ಟು ಅವಳನ್ನು ನೋಡಿದಳು. ಹುಸೇನಮ್ಮ. ಕೆನ್ನೆ ಬತ್ತಿತ್ತು, ಮೂಗುತಿ ಅದೇ. ಕಾರ್ಖಾನೆಯಲ್ಲಿ ಅವ್ವನಿಗೆ ಎರಡು ಪಾಳಿ ಬಿದ್ದ ದಿನಗಳಲ್ಲಿ ಶೈಲಾಗೆ ಉಣ್ಣಿಸಿ, ತಲೆ ಬಾಚಿದ ಕೈ ಅದು. ಅವಳನ್ನು ಶೈಲಾ, ಅವ್ವನ ಒಡಹುಟ್ಟಿದವಳೆಂಬಂತೆ, ಮಾವಶಿ ಎನ್ನುತ್ತಿದ್ದಳು.

"ಯವ್ವಾ! ನೀ ಗದಿಗೆಮ್ಮನ ಮಗಳಲ್ಲೇನು?" ಎಂದಳು ಹುಸೇನಮ್ಮ, ಅಲ್ಲಿದ್ದವರೆಲ್ಲ ಕೇಳುವಂತೆ. "ಕಣ್ಣು ನೋಡಿದ್ರ ಗೊತ್ತಾಗ್ತೈತಿ, ಥೇಟ್ ಆಕಿನ!"

ರವಿಶಂಕರ್ ತಿರುಗಿದ. ನಿಖಿತಾ ತಿರುಗಿದಳು. ಅಮರಯ್ಯ ನಗುಮುಖ ಮಾಡಿಕೊಂಡು ಯಾರದೋ ಉತ್ತರಕ್ಕೆ ಕಾದ. ಶೈಲಾ ಯೋಚಿಸಲಿಲ್ಲ, ಯೋಚಿಸಿದ್ದರೆ ಬೇರೆ ಹೇಳುತ್ತಿದ್ದಳೆಂದು ಆಮೇಲೆ ಎಷ್ಟು ಹೇಳಿಕೊಂಡರೂ ಅವಳಿಗೆ ನಂಬಿಕೆ ಬರಲಿಲ್ಲ.

"ಅಲ್ಲ," ಎಂದಳು. "ನೀವು ಬೇರೆ ಯಾರನ್ನೋ ಅಂದ್ಕೊಂಡಿದ್ದೀರ." ಬೆಂಗಳೂರಿನ ಕನ್ನಡದಲ್ಲಿ, ನಿಖಿತಾಳ ಕನ್ನಡದಲ್ಲಿ.

ಮುದುಕಿಯ ಮುಖದ ಮೇಲೆ ಏನೋ ಒಂದು ಹಾದು ಹೋಯಿತು. ಬೇಸರವಲ್ಲ ಅದು, ಮರೆತ ಕೆಲಸ ಥಟ್ಟನೆ ನೆನಪಾದವರ ಮುಖ. "ಹೌದ್ರಿ, ತಪ್ಪಾತ್ರಿ ಬಾಯಾರ," ಎಂದು ತಲೆ ತಗ್ಗಿಸಿ ಬಾಟ್ಲಿ ಎತ್ತಿದಳು.

"ಈಕಿಗೆ ಎಲ್ಲಾರೂ ಯಾರದರ ಮಗಳ ಕಾಣ್ತಾರ," ಎಂದು ಅಮರಯ್ಯ ನಕ್ಕ. "ಕಣ್ಣು ಹೋಗ್ಯಾವ. ಅದಕ್ಕ ನಿಮ್ಮ ಮಷೀನು ಬೇಕಾಗೇತಿ. ಅದಕ್ಕ ನಿದ್ದಿ ಬರೂದಿಲ್ಲ, ಅದರ ಮೊಮ್ಮಗಳ ಲಗ್ನ ಇರೂದಿಲ್ಲ, ಮಾತಾಡೂದಂತೂ ಇಲ್ಲ."

"ಮಾತು ನಮ್ದು ಕೇಳ್ರಿ, ಸುಳ್ಳು ನಿಮ್ದು ಕೇಳ್ರಿ," ಎಂದಳು ಸಾಲಿನ ನಡುವಿನಿಂದ ತುಳಸಾಬಾಯಿ ಎಂಬವಳು. ಬೆಂಚು ಕಿಸಕ್ಕೆಂದು ನಕ್ಕಿತು. ಸುಳ್ಳು ಎಂಬ ಮಾತು ತನಗೇ ಬಿದ್ದದ್ದೆಂದು ಶೈಲಾಗೆ ಕಿವಿ ಬಿಸಿಯಾಯಿತು.

ಆಮೇಲೆ ಅಮರಯ್ಯ ಎಲ್ಲವನ್ನೂ ತೋರಿಸಿದ. ಕಾಕಂಬಿ ನೊರೆಯುವ ತೊಟ್ಟಿಗಳು, ಮಳೆಗಾಲದ ಮೋಡದಂತೆ ಉಗಿ ಬಿಡುವ ತಾಮ್ರದ ಗೋಪುರ, ಮರದ ಪೀಪಾಯಿಗಳು ಮಲಗಿದ ಕತ್ತಲ ಕೋಣೆ. "ಈ ನೀರಿನ ರುಚಿ ಬ್ಯಾರೆ ಕಡಿ ಇಲ್ಲರಿ. ನಿಮ್ಮ ಹೈದರಾಬಾದಿನ ನಳದಾಗ ಬರೂದೂ ಇದ ಮಂಜೀರಾ, ನೀವು ಹಂಗ ಕುಡೀತೀರಿ, ನಾವು ಜರಾ ತಡದು ಕುಡೀತೀವಿ," ಎಂದ. ನಿಖಿತಾ ಪೀಪಾಯಿಗೆ ಕಿವಿ ಹಚ್ಚಿ ಫೋಟೋ ತೆಗೆಸಿಕೊಂಡಳು. ಶೈಲಾಗೆ ಇದಾವುದೂ ಕಾಣುತ್ತಿರಲಿಲ್ಲ. ತನ್ನನ್ನು ಯಾರೂ ಮರುಪ್ರಶ್ನೆ ಮಾಡಲಿಲ್ಲವಲ್ಲ, ನಂಬಿಬಿಟ್ಟರಲ್ಲ ಎಂಬ ಕೃತಜ್ಞತೆ ಒಂದು ಕಡೆ; ಇದಕ್ಕೂ ಕೃತಜ್ಞತೆಯೇ ಎಂಬ ಹೇಸಿಕೆ ಇನ್ನೊಂದು ಕಡೆ. ಹಾಸ್ಟೆಲಿನ ಮೊದಲ ದೀಪಾವಳಿಗೆ ಅವ್ವ ಭೇಟಿಗೆ ಬಂದಾಗ ವಾರ್ಡನ್ ಮೂಗು ಮುಚ್ಚಿಕೊಂಡು, ಈ ಹೆಂಗಸು ಕುಡಿದು ಬಂದಿದೆಯೇ ಎಂದು ಪಕ್ಕದವಳನ್ನು ತೆಲುಗಿನಲ್ಲಿ ಕೇಳಿದ್ದಳು. ಅವ್ವನಿಗೆ ತೆಲುಗು ಬರುತ್ತಿತ್ತು. ಆ ದಿನದ ನಂತರ ಅವ್ವ ಭೇಟಿಗೆ ಬರುವ ಮೊದಲು ಬೀದರಿನ ಬಸ್ ಸ್ಟ್ಯಾಂಡಿನ ನಲ್ಲಿಯಲ್ಲಿ ತಲೆ ತೊಳೆದುಕೊಂಡು, ಒದ್ದೆ ಕೂದಲಲ್ಲೇ ಬರತೊಡಗಿದಳು. ಚಳಿಗಾಲದಲ್ಲಿಯೂ. ಯಾಕೆಂದು ಮಗಳು ಕೇಳಲಿಲ್ಲ, ತಾಯಿ ಹೇಳಲಿಲ್ಲ. ಮೂರು ವರ್ಷದ ಹಿಂದೆ ಕೆಲಸ ಬಿಟ್ಟು ಲಿಂಗಂಪಲ್ಲಿಯ ಒಂದು ಕೋಣೆಯ ಮನೆಗೆ ಮಗಳ ಜೊತೆ ಇರಲು ಬಂದಾಗಲೂ ಹೇಳಲಿಲ್ಲ. ಈಗ ಅವ್ವ ಬಿಸಿಲಿಗೆ ಕಣ್ಣು ತೆರೆಯಲಾರಳು; ದೀಪ ಆರಿಸಿದ ಕೋಣೆಯಲ್ಲಿ ಜೋಳ ಆರಿಸುತ್ತ, "ಕತ್ತಲಿ ಅಂದ್ರ ನನಗ ತೌರುಮನಿ ಇದ್ದಂಗ ನೋಡು" ಎಂದು ನಗುತ್ತಾಳೆ.

ಮಧ್ಯಾಹ್ನ ಊಟವಾದ ಮೇಲೆ, ಡಬ್ಬಿ ತೊಳೆಯುವ ನೆವದಿಂದ ಹಿಂದಿನ ನಲ್ಲಿಯ ಹತ್ತಿರ ಒಬ್ಬಳೇ ನಿಂತಿದ್ದಾಗ ಪಕ್ಕದಲ್ಲಿ ನೆರಳು ಬಿತ್ತು. ಹುಸೇನಮ್ಮ. ಅವಳು ಶೈಲಾಳ ಕಡೆ ನೋಡಲಿಲ್ಲ. ಕೈ ತೊಳೆಯುತ್ತ, ನಲ್ಲಿಯೊಂದಿಗೆ ಮಾತಾಡುವವಳಂತೆ ಸಣ್ಣ ದನಿಯಲ್ಲಿ ಹೇಳಿದಳು.

"ತಪ್ಪು ತಿಳಕೋಬ್ಯಾಡವಾ. ಮುಂಜಾನಿ ನನ್ನ ಬಾಯಿ ಜಾರ್ತು."

ಶೈಲಾಳ ಕೈಯಲ್ಲಿ ಡಬ್ಬಿ ತುಂಬಿ ನೀರು ಹೊರಚೆಲ್ಲುತ್ತಿತ್ತು.

"ನಿಮ್ಮವ್ವ ಬಿಟ್ಟು ಹೋಗೂ ದಿನ ನಮ್ಮೆಲ್ಲಾರ ಕಡಿಂದ ವಚನ ತಗೊಂಡಾಳ. ಎಂಟೂ ಮಂದಿ ಕೈಮ್ಯಾಲೆ ಕೈ ಇಟ್ಟೀವಿ. ನನ್ನ ಮಗಳು ದೊಡ್ಡ ನೌಕರಿ ಮ್ಯಾಲೆ ಒಂದಿಲ್ಲೊಂದಿನ ಈ ಕಡಿ ಬಂದ್ರೂ ಬಂದಾಳು, ಯಾರೂ ಗುರ್ತು ಹಿಡದು ಮಾತಾಡಿಸಬ್ಯಾಡ್ರಿ, ಆಕಿಗೆ ನಾಕು ಮಂದ್ಯಾಗ ಅಡಚಣಿ ಆಗ್ತೈತಿ ಅಂತ. ಮದಲ ಹೂಂ ಅಂದಾಕಿ ನಾನ. ಮದಲ ಮರತಾಕೀನೂ ನಾನ." ಮುದುಕಿ ಸೆರಗಿಗೆ ಕೈ ಒರೆಸಿಕೊಂಡಳು. "ಭಾಳ ಖುಷಿ ಆತವಾ ನಿನ್ನ ನೋಡಿ, ಹಂಗಾಗಿ ಮರತ್ಯಾ. ನೀ ಅಲ್ಲ ಅಂದಿ, ಚಲೋ ಮಾಡಿದಿ. ಅವ್ವಗ ಹೇಳಬ್ಯಾಡ, ಬೈತಾಳ ನನಗ." ಹೋಗಲು ತಿರುಗಿ, ತಡೆದಳು. "ಆಕಿ ಕಣ್ಣು ಹೆಂಗದಾವ?"

"ಬಿಸಲಾಗ ಕಾಣೂದಿಲ್ಲ," ಎಂದಳು ಶೈಲಾ.

"ನನ್ನವೂ ಹಂಗ ಆಗ್ತಾವ ಇನ್ನ. ಬೆಳಕ ನೋಡಿ ನೋಡಿ ದಣದಾವ," ಎಂದು ಹುಸೇನಮ್ಮ ಯಾರೂ ನೋಡುವ ಮೊದಲೇ ಹೊರಟುಹೋದಳು.

ಶೈಲಾ ನಲ್ಲಿ ನಿಲ್ಲಿಸಿದಳು. ಮತ್ತೆ ಬಿಟ್ಟಳು. ಮುಖಕ್ಕೆ ನೀರು ಹಾಕಿಕೊಂಡಳು. ತಾನು ಕದ್ದು ಕಟ್ಟಿಕೊಂಡೆ ಎಂದುಕೊಂಡಿದ್ದ ಮರೆಯನ್ನು ಅವ್ವ ತನಗಿಂತ ಮೊದಲೇ ಬಂದು ಕಸ ಗುಡಿಸಿ ಸಿದ್ಧ ಮಾಡಿಟ್ಟಿದ್ದಳು. ಮಗಳು ಒಂದು ದಿನ ಅಲ್ಲ ಎನ್ನುತ್ತಾಳೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದು, ಆ ಮಾತು ಮಗಳಿಗೆ ಭಾರವಾಗಬಾರದೆಂದು ಎಂಟು ಹೆಂಗಸರನ್ನು ಬೇಡಿಕೊಂಡಿದ್ದಳು. ಹಾಸ್ಟೆಲಿಗೆ ಹೊರಟಾಗ ಬಾಚಣಿಕೆ ಕೊಟ್ಟ ಹಾಗೆ, ರೊಟ್ಟಿ ಕಟ್ಟಿಕೊಟ್ಟ ಹಾಗೆ, ಇದನ್ನೂ ಕಟ್ಟಿಕೊಟ್ಟಿದ್ದಳು. ಈ ಹೆಂಗಸರು ಮೂರು ವರ್ಷದಿಂದ ಆ ಮಾತು ಕಾದುಕೊಂಡು ಕೂತಿದ್ದರು, ಬರುತ್ತಾಳೋ ಇಲ್ಲವೋ ತಿಳಿಯದ ಒಬ್ಬ ಹುಡುಗಿಗಾಗಿ. ಅವಮಾನದ ಬದಲು ಎದೆಯೊಳಗೆ ಬಿಸಿಯಾದದ್ದೇನೋ ಏರಿ ಬಂದು, ಇಡಲು ಜಾಗ ಸಿಗದೆ, ಕಣ್ಣಿಗೆ ಬಂತು. ಇಷ್ಟೆಲ್ಲ ತನಗೆ ಯಾಕೆ ಕೊಟ್ಟರು? ಕೇಳಿದ್ದರೆ ಅವ್ವ, "ಹುಚ್ಚಿ, ಅದ್ಯಾಕ ಲೆಕ್ಕ" ಎಂದುಬಿಡುತ್ತಿದ್ದಳು.

ಪರೀಕ್ಷೆ ಶುರುವಾಯಿತು. ಇನ್ನೂರು ಬಾಟ್ಲಿಗಳು ಕ್ಯಾಮೆರಾದ ಮುಂದೆ ಹಾದವು. ಅದು ಹದಿನಾಲ್ಕನ್ನು ತಳ್ಳಿತು. ಅವೇ ಇನ್ನೂರನ್ನು ಅದಲುಬದಲು ಮಾಡಿ ಹುಸೇನಮ್ಮನ ಮುಂದೆ ಇಟ್ಟರು. ಅವಳು ಅದೇ ಹದಿನಾಲ್ಕರಲ್ಲಿ ಐದನ್ನು, "ಇವು ಬರೇ ಗುಳ್ಳಿರಿ, ಕಸ ಅಲ್ಲ" ಎಂದು ಒಳ್ಳೆಯವುಗಳ ಕಡೆ ಸರಿಸಿದಳು. ಮಷೀನು ಸರಿ ಎಂದಿದ್ದ ಒಂದು ಬಾಟ್ಲಿಯನ್ನು ಮಾತ್ರ ಬೇರೆ ತೆಗೆದಿಟ್ಟಳು.

"ಇದರಾಗೇನೈತಿ?" ಎಂದ ಅಮರಯ್ಯ.

"ನೂಲಿನ ಎಳಿ ಐತ್ರಿ. ಸೋಸೂ ಅರಿವಿದು."

ಅಮರಯ್ಯ ಹಲಗೆಯ ಬೆಳಕಿಗೆ ಹಿಡಿದು ನೋಡಿದ. ರವಿಶಂಕರ್ ನೋಡಿದ. ನಿಖಿತಾ ಕ್ಯಾಮೆರಾ ತೆಗೆದ ಚಿತ್ರವನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿ, "ಏನೂ ಇಲ್ಲ, ಕ್ಲೀನಾಗಿದೆ," ಎಂದಳು.

"ನೋಡಿದ್ರೇನ್ರಿ? ಅರವತ್ತಾತು. ಇದ್ದದ್ದು ಕಾಣೂದಿಲ್ಲ, ಇಲ್ಲದ್ದು ಕಾಣ್ತೈತಿ," ಎಂದ ಅಮರಯ್ಯ. "ಹೆಂಗಸಿನ ತಪ್ಪು ಅಂತ ಬರಕೊಳ್ರಿ ಬಾಯಾರ. ಇನ್ನ ಈ ಬೆಂಚು ಎತ್ತಿಸಿಬಿಡೂದ."

ಹುಸೇನಮ್ಮ ವಾದ ಮಾಡಲಿಲ್ಲ. ಶೈಲಾಳ ಕಡೆ ನೋಡಲೂ ಇಲ್ಲ. ಮಾತು ಕೊಟ್ಟವಳು, ಈ ಸಲ ಜಾರಬಾರದೆಂದು ದೃಷ್ಟಿಯನ್ನು ನೆಲಕ್ಕೆ ನೆಟ್ಟು ಕೂತಿದ್ದಳು. ಆ ಎಚ್ಚರವೇ ಶೈಲಾಳನ್ನು ಎಬ್ಬಿಸಿತು. ತಖ್ತೆಯನ್ನು ನಿಖಿತಾಳ ಕೈಗೆ ಕೊಟ್ಟು ಬೆಂಚಿನ ತುದಿಯಲ್ಲಿ, ಮುದುಕಿಯ ಪಕ್ಕದ ಖಾಲಿ ಜಾಗದಲ್ಲಿ ಕೂತಳು. ಬಾಟ್ಲಿಯ ಕೊರಳು ಹಿಡಿದಳು. ಅವಳ ಕೈಗೆ ತಾನಾಗಿಯೇ ಗೊತ್ತಿತ್ತು: ಅಲುಗಿಸಬಾರದು, ಮಣಿಕಟ್ಟು ಒಮ್ಮೆ ಮಾತ್ರ ತಿರುಗಬೇಕು. ಕೊಬ್ಬರಿ ಎಣ್ಣೆಯ ಬಾಟ್ಲಿಯನ್ನು ಕಿಟಕಿಗೆ ಹಿಡಿದು ಅವ್ವ ಆಟದಂತೆ ಕಲಿಸಿದ್ದಳು. ಗುಳ್ಳಿ ಮ್ಯಾಲ ಹೋಗ್ತಾವ, ಕಸ ಕೆಳಗ ಬರ್ತೈತಿ. ಎಳಿ ಎಲ್ಲೂ ಹೋಗೂದಿಲ್ಲ, ನಡುವ ನಿಂತು ಅದರ ಪಾಡಿಗೆ ಅದು ತೂಗ್ತೈತಿ, ದಾರೂ ಬಣ್ಣಾನ ಉಟ್ಟಿರ್ತೈತಿ. ಅದನ್ನ ಹುಡುಕಬ್ಯಾಡ. ಬೆಳಕ ನೋಡಿಕೋತ ಕುಂದ್ರು, ಅದ ಬರ್ತೈತಿ. ಶೈಲಾ ಕೂತಳು. ಗುಳ್ಳೆಗಳು ಏರಿ ಒಡೆದವು. ಯಾರೋ ಕೆಮ್ಮಿದರು. ಕಂಪನಿಯಲ್ಲಿ ಎಲ್ಲರೂ ಬೇಸತ್ತು ಎದ್ದ ಮೇಲೂ ಪರದೆಯ ಮುಂದೆ ಕೂತು ಯಾರಿಗೂ ಕಾಣದ ತಪ್ಪನ್ನು ಹಿಡಿಯುತ್ತಾಳೆಂದು ರವಿಶಂಕರ್ ಹೊಗಳುತ್ತಿದ್ದ ತಾಳ್ಮೆ ಎಲ್ಲಿಂದ ಬಂದದ್ದೆಂದು ಅವಳು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಇಲ್ಲಿಂದ, ಈ ಬೆಂಚಿನಿಂದ. ಹೊನ್ನಬಣ್ಣದ ನೀರು ನಿಶ್ಚಲವಾಯಿತು, ಇನ್ನೊಂದು ಗಳಿಗೆ, ಆಗ ಅದರ ನಡುವೆ ಕೂದಲಿಗಿಂತ ತೆಳ್ಳನೆಯದೊಂದು ನಿಧಾನವಾಗಿ ಮಗ್ಗಲು ಬದಲಿಸಿತು.

"ಇದೆ," ಎಂದಳು. "ಇಲ್ಲಿ. ಬಾಟ್ಲಿ ಹಿಡಿದ ಹಾಗೇ ಇರ್ತೀನಿ, ಬಂದು ನೋಡಿ."

ರವಿಶಂಕರ್ ಬಗ್ಗಿ, ಉಸಿರು ಬಿಗಿಹಿಡಿದು ನೋಡಿದ. "ಅಯ್ಯೋ ದೇವರೇ, ಹೌದು ಮಾರಾಯ್ರೆ!" ಎಂದ. ನಿಖಿತಾ ನೋಡಿ, "ಛೆ, ಕ್ಯಾಮೆರಾ ಕಾಯೋದೇ ಇಲ್ಲ ಅಲ್ವಾ," ಎಂದು ತನ್ನ ತಲೆ ತಾನೇ ತಟ್ಟಿಕೊಂಡಳು. ಅಮರಯ್ಯ ಇನ್ನೊಮ್ಮೆ ಬಗ್ಗಿ ನೋಡಿದ. ಬೆಂಚಿನ ಹೆಂಗಸರ ಕೈಗಳೆಲ್ಲ ನಿಂತಿದ್ದವು.

"ಅಲ್ಲ ಶೈಲಾ, ನಮಗೆ ಮೂವರಿಗೂ ಕಾಣದ್ದು ನಿಮಗೆ ಹೇಗೆ ಕಂಡಿತು? ಎಲ್ಲಿ ಕಲಿತದ್ದು ಇದು?" ಎಂದು ಕೇಳಿದ ರವಿಶಂಕರ್.

ಅಭ್ಯಾಸ ಎನ್ನಬಹುದಿತ್ತು. ಎಲ್ಲೋ ಓದಿದ್ದೆ ಎನ್ನಬಹುದಿತ್ತು. ಎರಡೂ ಮಾತು ನಾಲಿಗೆಯ ತುದಿಯಲ್ಲೇ ಇದ್ದವು, ಅದರಲ್ಲೊಂದು ಹೆಚ್ಚು ಕಡಿಮೆ ನಿಜವೂ ಆಗಿತ್ತು. ಪಕ್ಕದಲ್ಲಿ ಹುಸೇನಮ್ಮ ಬೇಡ ಎಂಬಂತೆ ಅವಳ ಮೊಣಕಾಲನ್ನು ಮೆಲ್ಲನೆ ಒತ್ತಿದಳು. ಶೈಲಾ ಬಾಟ್ಲಿಯನ್ನು ಹಲಗೆಯ ಮುಂದೆ ಇಟ್ಟು, ಆ ಕೈಯ ಮೇಲೆ ತನ್ನ ಕೈ ಇಟ್ಟಳು. ಬಾಯಿ ತೆರೆದಾಗ ಬಂದದ್ದು ಮನೆಯ ಮಾತು.

"ನಮ್ಮವ್ವ ಕಲಿಸಿದ್ದರಿ. ಇದ ಜಾಗಾದಾಗ, ಹುಸೇನಮ್ಮ ಮಾವಶಿ ಬಾಜೂಕ, ಹದಿನಾಲ್ಕು ವರ್ಷ ಕುಂತಾಳ. ಗದಿಗೆಮ್ಮ ಅಂತ ಹೆಸರು. ನಾ ಆಕಿ ಮಗಳು."